ನೋಲೀನ್ ಕೈ, ಗ್ವೆಂಡಾ ಮೂಗು

ಬೆಳಗಿನ ಜಾವ ನಾಲ್ಕು ದಾಟಿದೆ. ಬ್ರಿಸ್ಬೇನಿನಿಂದಾಚೆ ನಮ್ಮ ಟಲ್ಲೂರಾದಲ್ಲಿ ಡಿಸೆಂಬರ್ ಅಂದರೆ ನಡುಬೇಸಿಗೆ, ಸೂರ್ಯನಿಗೆ ತಾಳ್ಮೆ ಅನ್ನುವುದೇ ಇಲ್ಲ. ಐದಕ್ಕೆಲ್ಲ ಎದ್ದು ಕೂರುತ್ತಾನೆ, ಎಂಟು ಗಂಟೆಗೆ ಕಬ್ಬಿನ ಗದ್ದೆಯ ಕಡೆಯಿಂದ ಬಿಸಿಗಾಳಿ ಬೀಸತೊಡಗುತ್ತದೆ. ಅಷ್ಟರೊಳಗೆ ಬಿಸ್ಕತ್ತು ಬೆಂದು, ಆರಿ, ಡಬ್ಬಿ ಸೇರದಿದ್ದರೆ ಚಾಕಲೇಟೆಲ್ಲ ಕರಗಿ ಕೈಗೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಕ್ರಿಸ್‌ಮಸ್ ಹಿಂದಿನ ದಿನ ಊರಿನಲ್ಲಿ ಮೊದಲು ದೀಪ ಹತ್ತುವುದು ನೋಲೀನ್ ಪ್ರ್ಯಾಟ್ ಅವರ ಅಡುಗೆಮನೆಯಲ್ಲಿ.

ಈ ಸಲ ಅಲ್ಲಿ ಇಬ್ಬರಿದ್ದಾರೆ; ಮೂಲೆಯಲ್ಲಿ ನೋಡುತ್ತ ಕೂತ ನಾನು ಲೆಕ್ಕಕ್ಕಿಲ್ಲ. ನೋಲೀನ್ ಮೊಣಕೈವರೆಗೆ ಮೈದಾ ಮಾಡಿಕೊಂಡು ಬೆಣ್ಣೆ ಸಕ್ಕರೆ ತಿಕ್ಕುತ್ತಿದ್ದಾರೆ. ಓವನ್ ಪಕ್ಕದ ಸ್ಟೂಲಿನ ಮೇಲೆ ಗ್ವೆಂಡಾ ಕ್ರೌಸ್ ಕಣ್ಣು ಮುಚ್ಚಿ, ಗಲ್ಲ ಮೇಲೆತ್ತಿ ಕೂತಿದ್ದಾರೆ. ಒಂದು ಚಮಚವನ್ನೂ ಮುಟ್ಟುತ್ತಿಲ್ಲ. ಓವನ್ನಿನೊಳಗೆ ಗೋಡಂಬಿಯಂಥ ಮಕಡೇಮಿಯ ಬೀಜ ಹುರಿಯುತ್ತಿದೆ.

“ಏನಾಯ್ತೇ?” ಅನ್ನುತ್ತಾರೆ ನೋಲೀನ್.

“ಇನ್ನೂ ಹಸಿ.”

“ಈಗ?”

“ಸ್ವಲ್ಪ ಬಾಯ್ಮುಚ್ಕೊಂಡಿರ್ತೀಯಾ? ನೀನು ವಟವಟ ಅಂತಿದ್ರೆ ನಂಗೆ ವಾಸನೆ ಹತ್ತಲ್ಲ.”

ಹೊರಗೆ ಕುಕಬರ್ರ ಹಕ್ಕಿಯೊಂದು ತನ್ನ ಪಾಡಿಗೆ ತಾನು ನಕ್ಕಂತೆ ಕೂಗುತ್ತಿದೆ. ಇದ್ದಕ್ಕಿದ್ದಂತೆ ಗ್ವೆಂಡಾ ಕಣ್ಣು ಬಿಟ್ಟು ತೊಡೆ ತಟ್ಟುತ್ತಾರೆ. “ತೆಗಿ! ಈಗ್ಲೇ ತೆಗಿ ಮಾರಾಯ್ತಿ, ಏನು ನೋಡ್ತಾ ನಿಂತಿದೀಯ!”

ಟ್ರೇ ಹೊರಬರುತ್ತದೆ. ಬೀಜ ಹದವಾದ ಜೇನಿನ ಬಣ್ಣಕ್ಕೆ ತಿರುಗಿದೆ, ಮನೆಯೆಲ್ಲ ಘಮ್ಮೆನ್ನುತ್ತಿದೆ. ಆ ಘಮ ತಿಳಿಯದೇ ಇರುವುದು ಆ ಮನೆಯೊಡತಿಗೆ ಮಾತ್ರ. ನೋಲೀನ್ ಅವರಿಗೆ ಒಂದೂವರೆ ವರ್ಷದಿಂದ ಯಾವ ವಾಸನೆಯೂ ಬರುವುದಿಲ್ಲ.

ಎಪ್ಪತ್ತೊಂದರ ನೋಲೀನ್ ಅವರ ಹೆಸರನ್ನು ನಮ್ಮೂರಿನ ಯಾವ ಫಲಕದಲ್ಲೂ ಹುಡುಕಬೇಡಿ, ಸಿಗುವುದಿಲ್ಲ. ಊರಾಚೆಯ ಬೀಜದ ಶೆಡ್ಡಿನಲ್ಲಿ ಹರೆಯದಿಂದಲೂ ಬೆಲ್ಟಿನ ಮುಂದೆ ನಿಂತವರು. ಮಕಡೇಮಿಯ ಬೀಜ ಒಡೆದು ಬೆಲ್ಟಿನ ಮೇಲೆ ಹರಿದು ಬರುತ್ತಿದ್ದರೆ ಹುಳ ತಿಂದದ್ದು, ಕಪ್ಪಾದದ್ದು, ಮುರುಟಿದ್ದನ್ನು ಆರಿಸಿ ಪಕ್ಕಕ್ಕೆ ಎಸೆಯಬೇಕು. ಸುಗ್ಗಿಯಲ್ಲಿ ಈಗಲೂ ವಾರಕ್ಕೆ ಮೂರು ದಿನ ಹೋಗುತ್ತಾರೆ. “ಮನೇಲಿ ಕೂತ್ರೆ ಡೆಸ್ ಮುಖ ನೋಡ್ಬೇಕಲ್ಲ,” ಅನ್ನುವುದು ಅವರ ಕಾರಣ. ಡೆಸ್ ಅವರ ಗಂಡ. ಕಲ್ಲಿದ್ದಲು ರೈಲು ಓಡಿಸಿ ನಿವೃತ್ತರಾದವರು, ಈಗ ಮೀನಿಗೆ ಗಾಳ ಹಾಕುವುದನ್ನು ಕಸುಬು ಅಂತ ಹೇಳಿಕೊಳ್ಳುತ್ತಾರೆ.

ಬಿಸ್ಕತ್ತು ಶುರುವಾದದ್ದು ಇದೇ ಡೆಸ್ ದೆಸೆಯಿಂದ. ಮದುವೆಯಾದ ಹೊಸತರಲ್ಲಿ ಒಂದು ಕ್ರಿಸ್‌ಮಸ್ ದಿನ ಅವರಿಗೆ ಡ್ಯೂಟಿ ಬಿತ್ತು. “ಊರೆಲ್ಲ ಊಟಕ್ಕೆ ಕೂತಿರುತ್ತೆ, ನನ್ನ ಗಂಡ ಎಲ್ಲೋ ಸಿಗ್ನಲ್ ಹತ್ರ ಗಾಡಿ ನಿಲ್ಲಿಸ್ಕೊಂಡು ಒಣ ಬ್ರೆಡ್ ಅಗೀತಾ ಇರ್ತಾನೆ. ನಂಗೆ ಆವತ್ತು ಊಟಾನೇ ಸೇರ್ಲಿಲ್ಲ,” ಅನ್ನುತ್ತಾರೆ ನೋಲೀನ್. ಮರುವರ್ಷ ಹಿತ್ತಲ ಮರದ ಬೀಜ, ಚಾಕಲೇಟು ಹಾಕಿ ಬಿಸ್ಕತ್ತು ಮಾಡಿ ರೈಲಿನವರಿಗೆಲ್ಲ ಕೊಟ್ಟರು. ಆಮೇಲೆ ಆಸ್ಪತ್ರೆಯ ನರ್ಸುಗಳು ಸೇರಿಕೊಂಡರು, ಹೆದ್ದಾರಿಯ ಪೆಟ್ರೋಲ್ ಬಂಕಿನವರು, ಪೊಲೀಸರು, ಕಾಡ್ಗಿಚ್ಚು ಆರಿಸುವ ಸ್ವಯಂಸೇವಕರ ದಳದವರು ಸೇರಿಕೊಂಡರು. ಹಬ್ಬದ ದಿನ ದುಡಿಯುವವರು ಯಾರಿದ್ದಾರೋ ಅವರಿಗೆಲ್ಲ ಒಂದೊಂದು ತಗಡಿನ ಡಬ್ಬಿ.

ಈ ಡಬ್ಬಿಗಳಿಗೊಂದು ಕಟ್ಟಳೆಯಿದೆ. ನವೆಂಬರ್ ತಿಂಗಳ ಮೊದಲ ಮಂಗಳವಾರ, ದೇಶವೆಲ್ಲ ಕುದುರೆ ರೇಸ್ ನೋಡುತ್ತ ಕೂತಾಗ, ಖಾಲಿ ಡಬ್ಬಿಯನ್ನು ತೊಳೆದು ನೋಲೀನ್ ಮನೆಯ ವರಾಂಡದಲ್ಲಿ ಇಟ್ಟು ಬರಬೇಕು. ಇಟ್ಟರೆ ಈ ಸಲವೂ ಬೇಕು ಅಂತ ಅರ್ಥ. ಬಾಯಿಬಿಟ್ಟು ಕೇಳುವಂತಿಲ್ಲ. ಡಬ್ಬಿಯಲ್ಲಿ ಬಿಸ್ಕತ್ತು ಉಳಿಸಿ ವಾಪಸು ತರುವುದಂತೂ ಸುತಾರಾಂ ಇಲ್ಲ; ಹಾಗೆ ಮಾಡಿದವರು ನಮ್ಮೂರಿನಲ್ಲಿ ಯಾರೂ ಇರಲಿಲ್ಲ. ಕಳೆದ ಜನವರಿಯಲ್ಲಿ ಗ್ವೆಂಡಾ ಮಾಡುವವರೆಗೆ.

ಗ್ವೆಂಡಾ ಯಾರು ಅಂತ ಈಗ ಹೇಳಬೇಕು. ಬೆಂಕಿ ದಳದ ಶೆಡ್ಡಿನಲ್ಲಿ ರೇಡಿಯೋ ಮುಂದೆ ಕೂತು ಲಾರಿಗಳನ್ನು ಅತ್ತ ಇತ್ತ ಓಡಿಸುವಾಕೆ. ನಾಲಿಗೆ ಮೇಲೆ ಕಡಿವಾಣ ಇಲ್ಲ. ಜಿಲ್ಲೆಯ ಕೃಷಿ ಮೇಳದ ಬಿಸ್ಕತ್ತು ಸ್ಪರ್ಧೆಯಲ್ಲಿ ಪ್ರತಿವರ್ಷ ನೋಲೀನ್ ಮೊದಲು, ಗ್ವೆಂಡಾ ಎರಡನೆಯವರು. ಒಂದು ವರ್ಷ ನೋಲೀನ್ ಕೈಮುರಿದುಕೊಂಡು ಸ್ಪರ್ಧಿಸಲಿಲ್ಲ, ಆಗಲೂ ಗ್ವೆಂಡಾ ಎರಡನೆಯವರೇ! ಇಬ್ಬರೂ ಒಂದೇ ಮೇಜಿಗೆ ಕೂತು ಚಹಾ ಕುಡಿದದ್ದನ್ನು ನಾನು ಈ ಊರಿಗೆ ಬಂದ ಹತ್ತೊಂಬತ್ತು ವರ್ಷದಲ್ಲಿ ಕಂಡಿರಲಿಲ್ಲ.

ಅಂಥ ಗ್ವೆಂಡಾ ಜನವರಿಯ ಒಂದು ಮಧ್ಯಾಹ್ನ ಬೆಂಕಿ ದಳದ ತುಂಬಿದ ಡಬ್ಬಿ ಹಿಡಿದುಕೊಂಡು ನೋಲೀನ್ ಮನೆಯ ಮೆಟ್ಟಿಲು ಹತ್ತಿ ಬಂದರು. ಮುಚ್ಚಳ ತೆಗೆದು ಮುಂದಿಟ್ಟರು. “ತಿನ್ನು,” ಅಂದರು.

ನೋಲೀನ್ ಒಂದು ತಿಂದರು. “ಚೆನ್ನಾಗೇ ಇದೆಯಲ್ಲೇ. ಸಿಹಿ ಇದೆ, ಗರಿಗರಿ ಇದೆ. ಏನೀಗ?”

“ಕಮಟು ಕಣೇ! ಹಳೇ ಎಣ್ಣೆ ಕುಡಿದಂಗಿದೆ. ಕಾಗೇನೂ ಮುಟ್ಟಲಿಲ್ಲ. ಹೊಟ್ಟೆಕಿಚ್ಚಿಗೆ ಹೇಳ್ತಿದೀನಿ ಅನ್ಕೋಬೇಡ.”

“ಹೊಟ್ಟೆಕಿಚ್ಚಿಗೇ ಹೇಳ್ತಿದೀಯ.”

ಜಗಳಕ್ಕೆ ಸೊಂಟ ಕಟ್ಟಿ ಬಂದಿದ್ದ ಗ್ವೆಂಡಾ ನೋಲೀನ್ ಬಾಯಿಯನ್ನೇ ನೋಡಿದರು. ನೋಲೀನ್ ಇನ್ನೊಂದು ಬಿಸ್ಕತ್ತು ತೆಗೆದುಕೊಂಡು ಆರಾಮಾಗಿ ಅಗಿಯುತ್ತಿದ್ದರು. ಗ್ವೆಂಡಾಗೆ ಏನೋ ಹೊಳೆಯಿತು. ಹೊರಗೆ ಹೋಗಿ ಡೆಸ್ ಗಾಳಕ್ಕೆಂದು ಇಟ್ಟುಕೊಂಡಿದ್ದ ಸೀಗಡಿ ಬಕೆಟ್ಟನ್ನು ಎತ್ತಿಕೊಂಡು ಬಂದರು. ಬಿಸಿಲಿಗೆ ಎರಡು ದಿನ ಕೊಳೆತದ್ದು. ಅದನ್ನು ನೋಲೀನ್ ಮೂಗಿನ ಬುಡದಲ್ಲೇ ಹಿಡಿದರು. ನೋಲೀನ್ ಅಗಿಯುವುದನ್ನು ನಿಲ್ಲಿಸಲಿಲ್ಲ.

“ಅವಳ ಮುಖ ನೋಡ್ದೆ. ಅಷ್ಟು ವರ್ಷದಲ್ಲಿ ಮೊದಲ್ನೇ ಸಲ ಗ್ವೆಂಡಾ ನನ್ನ ಬೈತಾ ಇರ್ಲಿಲ್ಲ,” ಅನ್ನುತ್ತಾರೆ ನೋಲೀನ್. “ಆಗ ಗೊತ್ತಾಯ್ತು ನಂಗೆ.”

ಅದಕ್ಕೆ ಆರು ತಿಂಗಳ ಹಿಂದಿನ ಚಳಿಗಾಲದಲ್ಲಿ ಜ್ವರ ಬಂದು ಮಲಗಿದಾಗ ವಾಸನೆ ಹೋಗಿತ್ತು. ಬರುತ್ತೆ, ಇವತ್ತಲ್ಲ ನಾಳೆ ಬರುತ್ತೆ ಅಂದುಕೊಂಡು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಹಿತ್ತಲ ಬೀಜವನ್ನು ಗೋಣಿಚೀಲಕ್ಕೆ ತುಂಬಿ ಕಂಬಗಳ ಮೇಲೆ ನಿಂತ ಮನೆಯ ಕೆಳಗೆ ವಾರಗಟ್ಟಲೆ ತೂಗುಹಾಕಿ ಒಣಗಿಸುತ್ತಾರೆ. ಚೀಲಕ್ಕೆ ಮುಖ ಇಟ್ಟು ಮೂಸಿದರೆ ಅವರಿಗೆ ಎಲ್ಲ ತಿಳಿಯುತ್ತಿತ್ತು. ಆ ವರ್ಷ ಮಳೆ ಬಿಡಲಿಲ್ಲ, ಬೀಜ ಒಣಗಲಿಲ್ಲ, ಮೂಗು ಎಚ್ಚರಿಸಲಿಲ್ಲ. ಕೆಟ್ಟ ಬೀಜ ನೇರವಾಗಿ ಹಿಟ್ಟು ಸೇರಿತು.

ನನಗೆ ಕೋಪ ಬರುವುದು ಬೀಜದ ಮೇಲಲ್ಲ, ನಮ್ಮೂರಿನ ಸಭ್ಯತೆಯ ಮೇಲೆ. ನರ್ಸುಗಳು “ಅದ್ಭುತ” ಅಂದರಂತೆ. ಪೊಲೀಸರು “ಪ್ರತಿವರ್ಷದ ಹಾಗೆ ಸೊಗಸು” ಅಂದರಂತೆ. ಪಾದ್ರಿ ಕೂಡ ಹೊಗಳಿದರಂತೆ, ಅವರಾದರೂ ಸುಳ್ಳು ಹೇಳಬಾರದಿತ್ತು. ಎಲ್ಲರೂ ಹೊಗಳಿ ಹೊಗಳಿ ಗುಟ್ಟಾಗಿ ಕಸಕ್ಕೆ ಸುರಿದಿದ್ದಾರೆ. ಆ ಕ್ರಿಸ್‌ಮಸ್‌ಗೆ ನಾನು ಬ್ರಿಸ್ಬೇನಿನ ತಂಗಿ ಮನೆಗೆ ಹೋಗಿದ್ದೆ, ಹಾಗಾಗಿ ಈ ಪಾಪದಲ್ಲಿ ನನಗೆ ಪಾಲಿಲ್ಲ, ಪುಣ್ಯ.

ಡೆಸ್ ಅಂತೂ ಆ ಮಧ್ಯಾಹ್ನದವರೆಗೂ ದಿನಕ್ಕೆ ಎರಡರಂತೆ ತಿಂದಿದ್ದರು. “ನೀನೂ ಹೇಳ್ಲಿಲ್ವಲ್ಲೋ ಪಾಪಿ!” ಅಂತ ನೋಲೀನ್ ಹಾರಾಡಿದಾಗ ಅವರು ತಲೆ ಕೆರೆದುಕೊಂಡು ಹೇಳಿದ್ದಿಷ್ಟೇ: “ನೀನು ಮಾಡಿದ್ದನ್ನ ಚೆನ್ನಾಗಿದೆ ಅಂದು ಅಂದು ಅಭ್ಯಾಸ ಆಗಿಬಿಟ್ಟಿದೆ, ನೋಲ್.”

ಮಾತು ಕೇಳಿದರೆ ನಗು ಬರುತ್ತದೆ. ಆದರೆ ನೋಲೀನ್ ತಿಂಗಳುಗಟ್ಟಲೆ ನಗಲಿಲ್ಲ. “ಜೀವಮಾನವೆಲ್ಲ ಕೆಟ್ಟ ಬೀಜ ಆರಿಸಿ ಎಸೆದವಳು ನಾನು. ಹಬ್ಬದ ದಿನ ಜನರ ಬಾಯಿಗೆ ಅದನ್ನೇ ಇಟ್ಟೆ,” ಅನ್ನುವಾಗ ಈಗಲೂ ಅವರ ದನಿ ಗಡುಸಾಗುತ್ತದೆ. “ಆಮೇಲೆ ಒಂದೊಂದೇ ನೆನಪಾಯ್ತು. ಎಲ್ಲರೂ ಒಂದು ಕಚ್ಚು ಕಚ್ಚಿ, ಆಹಾ ಅಂದು, ಆಮೇಲೆ ತಿಂತೀವಿ ಅಂತ ಮುಚ್ಚಳ ಒತ್ತಿ ಹಾಕಿದ್ರು. ಎಲ್ಲ ಕಡೆನೂ. ನಾನು ಪೆದ್ದಿ, ನೋಡ್ತಾ ನಿಂತಿದ್ದೆ.”

ಓವನ್ನಿಗೆ ಕೈಮುಗಿದು ಬೇಯಿಸುವುದನ್ನೇ ಬಿಟ್ಟುಬಿಟ್ಟರು. ಮಾರ್ಚ್‌ನಲ್ಲಿ ಹಿತ್ತಲಲ್ಲಿ ಬೀಜ ಉದುರತೊಡಗಿದಾಗ ಹೆಕ್ಕಲಿಲ್ಲ. ಕಾಕಟೂ ಗಿಳಿಗಳು ಬಂದು ಹಬ್ಬ ಮಾಡಿದವು. ನವೆಂಬರಿನ ಮಂಗಳವಾರ ವರಾಂಡದ ತುಂಬ ಡಬ್ಬಿಗಳು ಬಂದು ಕೂತವು, ಒಂದೂ ಕಡಿಮೆಯಿಲ್ಲ. ಅದನ್ನು ನೋಡಿ ಡೆಸ್ ಕುಣಿದರು. ನೋಲೀನ್ ಅತ್ತರು. “ಮತ್ತೆ ಕಸಕ್ಕೆ ಹಾಕಕ್ಕೆ ಡಬ್ಬಿ ತಂದಿಟ್ಟಿದಾರೆ. ನಾನು ಮಣ್ಣು ಸುಟ್ಟು ಕೊಟ್ರೂ ಈ ಜನ ಆಹಾ ಅಂತಾರೆ. ನಂಗೆ ಹೆಂಗೆ ಗೊತ್ತಾಗ್ಬೇಕು ಹೇಳು?”

ಆ ಸಂಜೆ ಗ್ವೆಂಡಾ ಮತ್ತೆ ಮೆಟ್ಟಿಲು ಹತ್ತಿದರು. ಹೆಗಲ ಮೇಲೆ ಗೋಣಿಚೀಲ. ಗಿಳಿಗಳಿಂದ ಉಳಿದ ಬೀಜವನ್ನೆಲ್ಲ ನೋಲೀನ್ ಕೆಲಸಕ್ಕೆ ಹೋದ ದಿನಗಳಲ್ಲಿ ಕದ್ದು ಹೆಕ್ಕಿ, ತನ್ನ ಮನೆ ಕೆಳಗೆ ಒಣಹಾಕಿ, ದಿನವೂ ಮೂಸಿ ಕಾಪಾಡಿದ್ದರು. ಡೆಸ್‌ಗೆ ಗೊತ್ತಿತ್ತು. ಹೇಳಿರಲಿಲ್ಲ, ಮಾಮೂಲಿನಂತೆ.

“ನಂಗೆ ಬಿಸ್ಕತ್ತು ಮಾಡಕ್ಕೆ ಬರಲ್ಲ ಅಂತ ಇಡೀ ಜಿಲ್ಲೆಗೆ ಗೊತ್ತು,” ಅಂದರು ಗ್ವೆಂಡಾ. “ನಿಂಗೆ ಬರುತ್ತೆ. ನಂಗೆ ಮೂಗಿದೆ. ಕೆಟ್ಟಿದ್ರೆ ನಾನು ಹೇಳ್ತೀನಿ, ನಿನ್ನ ಮುಖ ನೋಡಿ ಸುಳ್ಳು ಹೇಳೋಳಲ್ಲ ನಾನು. ಅಷ್ಟು ಪ್ರೀತಿ ಏನಿಲ್ಲ ನಿನ್ ಮೇಲೆ.”

ನೋಲೀನ್ ಆಕೆಯನ್ನು ಒಳಗೆ ಕರೆದು ಚಹಾ ಕೊಟ್ಟರು.

ಹಾಗಾಗಿ ಇವತ್ತು ಈ ಸ್ಟೂಲು, ಈ ಮೂಗು. ಕೆಳಗೆ ಡೆಸ್ ಬೆಂಚಿಗೆ ಬಿಗಿದ ವೈಸ್ ಎಂಬ ಕಬ್ಬಿಣದ ಇಕ್ಕಳಕ್ಕೆ ಬೀಜ ಸಿಕ್ಕಿಸಿ ಹಿಡಿ ತಿರುಗಿಸುತ್ತಿದ್ದಾರೆ. ಆ ಕಲ್ಲಿನಂಥ ಚಿಪ್ಪು ಒಡೆಯಲು ಬೇರೆ ದಾರಿಯಿಲ್ಲ. ಟಕ್ ಅಂತ ಚಿಪ್ಪು ಸೀಳುವ ಸದ್ದು ನೆಲದ ಹಲಗೆಯ ಸಂದಿಯಿಂದ ಮೇಲೆ ಬರುತ್ತದೆ. ನೋಲೀನ್ ಫ್ರಿಜ್ಜಿನಿಂದ ಚಾಕಲೇಟ್ ಗಟ್ಟಿ ತೆಗೆದು ಚಾಕುವಿನಲ್ಲಿ ದಪ್ಪದಪ್ಪ ಕೊಚ್ಚುತ್ತಾರೆ, ಬೀಜ ಬೆರೆಸುತ್ತಾರೆ, ಉಂಡೆ ಕಟ್ಟಿ ಫೋರ್ಕಿನಿಂದ ಒತ್ತುತ್ತಾರೆ. ಒಂದು ಉಂಡೆ ಇನ್ನೊಂದಕ್ಕಿಂತ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಆದರೂ ಒತ್ತಿದ್ದನ್ನೇ ಮತ್ತೆ ಉಂಡೆ ಕಟ್ಟಿ ಒತ್ತುತ್ತಿದ್ದಾರೆ. ನನಗೆ ಕಾಣುತ್ತಿದೆ, ಗ್ವೆಂಡಾಗೂ ಕಾಣುತ್ತಿದೆ, ಇಬ್ಬರೂ ಬೇರೆ ಕಡೆ ನೋಡುತ್ತಿದ್ದೇವೆ.

ಮೊದಲ ಟ್ರೇ ಬೆಂದು ಬಂತು. ಸ್ವಲ್ಪ ಆರಿದ ಮೇಲೆ ಗ್ವೆಂಡಾ ಒಂದನ್ನು ಮುರಿದರು, ಮೂಸಿದರು, ಬಾಯಿಗಿಟ್ಟರು. ನಿಧಾನವಾಗಿ ಅಗಿದರು. ನೋಲೀನ್ ಏಪ್ರನ್ನಿನ ಅಂಚನ್ನು ಮುದ್ದೆ ಮಾಡಿ ಹಿಡಿದು ನಿಂತಿದ್ದಾರೆ.

“ಬೀಜ ಚೆನ್ನಾಗಿದೆ,” ಅಂದರು ಗ್ವೆಂಡಾ ಕೊನೆಗೆ. “ವೆನಿಲಾ ಜಾಸ್ತಿ ಆಯ್ತು. ಸೆಂಟ್ ಬಳ್ಕೊಂಡು ಮದುವೆಗೆ ಹೊರಟಂಗಿದೆ.”

ನೋಲೀನ್ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಕೃಷಿ ಮೇಳದಲ್ಲಿ ಮೊದಲ ಬಹುಮಾನದ ನೀಲಿ ರಿಬ್ಬನ್ ಕಟ್ಟಿದಾಗಲೂ ಅಷ್ಟು ಅರಳಿರಲಿಲ್ಲ. “ಕೇಳಿಸ್ತಾ ನಿಂಗೆ?” ಅಂತ ನನ್ನ ಕಡೆ ತಿರುಗಿದರು. “ವೆನಿಲಾ ಜಾಸ್ತಿಯಂತೆ! ಅಂದಾಜಿಗೆ ಸುರಿದುಬಿಟ್ಟೆ. ಮುಂದಿನ ಹಿಟ್ಟಿಗೆ ಅರ್ಧ ಹಾಕ್ತೀನಿ. ಈ ಟ್ರೇ ನಿನ್ನ ಬೆಂಕಿ ದಳದ ಡಬ್ಬಿಗೇ ಕಣೇ ಗ್ವೆಂಡಾ, ಅವರಿಗೆ ಹೊಗೆ ಕುಡಿದು ಕುಡಿದು ಏನೂ ಗೊತ್ತಾಗಲ್ಲ.”

“ನಮ್ಮವರ ಸುದ್ದಿಗೆ ಬರಬೇಡ,” ಅಂದ ಗ್ವೆಂಡಾ ಇನ್ನೊಂದು ಬಿಸ್ಕತ್ತಿಗೆ ಕೈ ಹಾಕಿದರು.

ಎಂಟರ ಹೊತ್ತಿಗೆ ಡಬ್ಬಿಗಳೆಲ್ಲ ಡೆಸ್‌ನ ಪಿಕಪ್ ಗಾಡಿ ಏರಿದವು. ಕರಗದಿರಲಿ ಅಂತ ಮೇಲೊಂದು ಒದ್ದೆ ಬಟ್ಟೆ. ಆಸ್ಪತ್ರೆ, ಪೊಲೀಸ್ ಠಾಣೆ, ಬಂಕು. ಎಲ್ಲ ಕಡೆ ಡಬ್ಬಿ ಕೈಗಿಟ್ಟು ನೋಲೀನ್ ಓಡಿ ಬರುತ್ತಿದ್ದರು, ಯಾರಿಗೂ ಬಾಯಿ ತೆರೆಯಲು ಬಿಡುತ್ತಿರಲಿಲ್ಲ. ಹೊಗಳಿಕೆ ಕೇಳಿದರೆ ಈಗ ಅವರಿಗೆ ಭಯ.

ಕೊನೆಯದು ಬೆಂಕಿ ದಳದ ಶೆಡ್ಡು. ಮೂರು ದಿನದಿಂದ ಗುಡ್ಡದ ಆಚೆ ಬೆಂಕಿಯಿದೆ. ಹುಡುಗರು ಮಸಿ ಮುಖದಲ್ಲೇ ಲಾರಿಯ ನೆರಳಲ್ಲಿ ಕಾಲು ಚಾಚಿ ಕೂತಿದ್ದಾರೆ. ದಳದ ಮುಖ್ಯಸ್ಥ ಬ್ರೆಟ್, ಎತ್ತಿನಂಥ ಆಳು, ಎದ್ದು ಬಂದು ಡಬ್ಬಿ ತೆಗೆದುಕೊಂಡ.

“ಅಯ್ಯೋ ನೋಲೀನ್, ತುಂಬಾ ಚೆನ್ನಾಗಿದೆ!”

“ಮುಚ್ಚಳನೇ ತೆಗ್ದಿಲ್ಲ ಇನ್ನೂ, ದಡ್ಡ,” ಅಂದರು ಗ್ವೆಂಡಾ.

ನೋಲೀನ್ ಸೀದಾ ಬಂದು ಗಾಡಿಯಲ್ಲಿ ಕೂತರು; ಗ್ವೆಂಡಾ ಮತ್ತು ನಾನು ಹಿಂದಿನ ಸೀಟಿಗೆ ಹತ್ತಿದೆವು. ಡೆಸ್ ಕೀಲಿ ತಿರುಗಿಸಲು ಹೋದರೆ ಅವರ ಮಣಿಕಟ್ಟು ಹಿಡಿದರು. “ಇರು.”

ಕಿಟಕಿಯಿಂದ ಶೆಡ್ಡು ಕಾಣುತ್ತಿತ್ತು. ಬ್ರೆಟ್ ಮುಚ್ಚಳ ತೆಗೆದ. ಒಂದು ತಿಂದ. ನಿಂತ. ಮುಚ್ಚಳ ಅವನ ಎಡಗೈಯಲ್ಲೇ ಇದೆ. ಹಿಂದಿನ ಕ್ರಿಸ್‌ಮಸ್‌ನಲ್ಲಿ ಇದೇ ಹೊತ್ತಿಗೆ ಅದು ಡಬ್ಬಿಯ ಮೇಲೆ ಕೂತಿತ್ತು. ನಾವು ನಾಲ್ವರೂ ಆ ತಗಡಿನ ಮುಚ್ಚಳವನ್ನೇ ನೋಡುತ್ತ ಕೂತಿದ್ದೇವೆ.

ಬ್ರೆಟ್ ಅದನ್ನು ಹಿಂದೆ ಎಲ್ಲೋ ಬೆಂಚಿನ ಮೇಲೆ ಎಸೆದು ಎರಡನೆಯದಕ್ಕೆ ಕೈ ಹಾಕಿದ. ಒಬ್ಬ ಹುಡುಗ ಎದ್ದು ಬಂದ, ಇನ್ನೊಬ್ಬ ಬಂದ, ಮಲಗಿದ್ದವನೂ ಎದ್ದ. ಡಬ್ಬಿಯ ಸುತ್ತ ಮಸಿ ಕೈಗಳೇ ಕೈಗಳು. ಯಾರೂ ಒಂದು ಮಾತಾಡುತ್ತಿಲ್ಲ, ಯಾರೂ ಆಹಾ ಅನ್ನುತ್ತಿಲ್ಲ. ಬಾಯಿ ಖಾಲಿಯಿದ್ದರಲ್ಲವೇ!

ನೋಲೀನ್ ಏಪ್ರನ್ನಿನಿಂದ ಕಣ್ಣೊರೆಸಿಕೊಂಡು ಹಿಂದಿನ ಸೀಟಿನತ್ತ ತಿರುಗಿದರು.

“ವೆನಿಲಾ ಜಾಸ್ತಿ ಅಂದ್ಯಲ್ಲ ಗ್ವೆಂಡಾ,” ಅಂದರು. “ನೋಡು.”