ಚೀಟಿ ಇಲ್ಲದ ಹಾಳೆ

ಮೊನ್ನೆ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಪ್ಲಂಬರ್ ಒಬ್ಬ ಪಿವಿಸಿ ಪೈಪಿನ ತುದಿಯನ್ನು ಬೆಂಕಿಗೆ ಹಿಡಿದು ಅಗಲ ಮಾಡುತ್ತಿದ್ದ. ಆ ಖಾರವಾದ ವಾಸನೆ ಮೂಗಿಗೆ ಬಡಿದದ್ದೇ ನಿಂತಲ್ಲಿಂದ ತಿರುಗಿದೆ. ಕೆಳಗಿಳಿದು ಬಂದು ಬಾಗಿಲು ಹಾಕಿಕೊಂಡೆ...

ಕೆಲವು ವರ್ಷಗಳ ಹಿಂದೆ ಪೀಣ್ಯದಲ್ಲಿ ನಮ್ಮ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಪೆಟ್ಟಿಗೆ ಮಾಡುವವರೊಬ್ಬರ ಶೆಡ್ಡು ಇತ್ತು. ಬೈಕಿಗೆ ಪಕ್ಕದ ಪೆಟ್ಟಿಗೆ ಮಾಡಿಕೊಡುತ್ತಿದ್ದರು. ವಿಜಯಪುರದ ಕಡೆಯವರು. ಪ್ಲಾಸ್ಟಿಕ್ ಹಾಳೆಯನ್ನು ಗ್ಯಾಸಿನ ಉರಿಯಲ್ಲಿ ಮೆತ್ತಗೆ ಮಾಡಿ, ಮರದ ಅಚ್ಚಿಗೆ ಒತ್ತಿ ಮಡಚುವರು. ಸಾಮಾನು ಗಡಗಡ ಎನ್ನದಂತೆ ಒಳಗೊಂದು ತೆಳು ಪದರ. ಗಾಳಿ ತಗುಲಿದರೆ ಮಡಿಕೆ ಸೊಟ್ಟಗಾಗುತ್ತದೆಂದು ಶಟರನ್ನು ಮುಕ್ಕಾಲು ಇಳಿಸಿರುತ್ತಿದ್ದರು.

ಅವರದೊಂದು ಕ್ರಮವಿತ್ತು. ಯಾವ ಹಾಳೆಯೇ ಬರಲಿ, ಉಗುರಿನಷ್ಟು ಕತ್ತರಿಸಿ ಸುಟ್ಟು ಮೂಸುವರು. ಮೇಣದ ವಾಸನೆ ಬಂದರೆ ಸರಿ. ಮೂಗು ಉರಿದರೆ ಅದು ವಿಷದ ಹೊಗೆ ಬಿಡುವ ಪಿವಿಸಿ, ಹಾಳೆ ಬೀದಿಗೆ.

ನಾನು ಕಾರ್ಖಾನೆಯ ಸ್ಟೋರ್ ಕೀಪರ್. ಯಾವ ಮಾಲೆಂದು ಬರೆದ ಚೀಟಿ ಇಲ್ಲದ ಒಂದು ನಟ್ಟೂ ನನ್ನ ಬಾಗಿಲು ದಾಟುತ್ತಿರಲಿಲ್ಲ. ಆದರೆ ನನ್ನ ಬೈಕಿನ ಪೆಟ್ಟಿಗೆಗೆಂದು ಮ್ಯಾನೇಜರನ್ನು ಕೇಳಿ ತಂದ ಉಳಿಕೆ ಹಾಳೆಗೆ ಚೀಟಿ ಇರಲಿಲ್ಲ. ಇಲ್ಲದ್ದನ್ನು ಗಮನಿಸಿಯೂ ಇದ್ದೆ. ಕಪ್ಪು ಹಾಳೆ, ಉಳಿದವುಗಳಂತೆಯೇ ಇತ್ತು. ಅವರು ಬಳಸುವ ಮಾಲೇ ಇರಬೇಕೆಂದುಕೊಂಡೆ.

ನಾನು ಹಾಳೆ ಒಯ್ದ ದಿನ ಅವರಿಗೆ ನೆಗಡಿ.

"ಮೂಗು ಪೂರಾ ಬಂದ್ ಆಗೇತ್ರಿ ಸಾಹೇಬ್ರ. ಇದು ನಾನು ಯಾವಾಗ್ಲೂ ಬಳಸೋ ಮಾಲ ಏನ್ರಿ?"

"ಅದೇ ಕಣ್ರೀ. ನಮ್ಮ ಸ್ಟೋರಿನದು."

"ಹಂಗಾರ ಮುಗೀತು ಬಿಡ್ರಿ. ಗುಂಡುಸೂಜಿಗೂ ಸಹಿ ಕೇಳೋ ಮನಷ್ಯಾ ನೀವು!" ಎಂದು ನಕ್ಕರು. ನಾನು ಎದುರಿನ ಅಂಗಡಿಗೆ ಟೀ ಕುಡಿಯಲು ಹೋದೆ.

ಅರ್ಧ ಲೋಟವೂ ಮುಗಿದಿರಲಿಲ್ಲ. ಶಟರಿನ ಕೆಳಗಿನಿಂದ ಬಿಳಿ ಹೊಗೆ ಬಂತು, ಹಿಂದೆಯೇ ಕೆಮ್ಮು. ಓಡಿಹೋಗಿ ಶಟರ್ ಎತ್ತಿದೆ. ಕಣ್ಣು ಬಿಡಲಾಗಲಿಲ್ಲ. ಗೋಡೆಗೆ ಒರಗಿ ಕುಳಿತಿದ್ದರು, ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ. ಟೀ ಅಂಗಡಿಯವನೂ ನಾನೂ ಎಳೆದು ಆಟೋಗೆ ಹಾಕಿದೆವು. ದಾರಿಯುದ್ದಕ್ಕೂ ಅವರ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದೆ. ಅದು ಏರಿಳಿಯುವುದು ಎಲ್ಲಿ ನಿಂತುಬಿಡುವುದೋ ಎಂಬ ಭಯ. ಅಂಥ ಭಯ ನನಗೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಬದುಕಿದರು. ಮರುದಿನ ಡಾಕ್ಟರ್ ವಿಚಾರಿಸಿದಾಗ, "ತಪ್ಪು ನಂದರೀ. ಮೂಸಿ ನೋಡ್ಲಾರ್ದ ಉರಿಗೆ ಹಿಡದೆ" ಎಂದರು. ಮಂಚದ ಪಕ್ಕದಲ್ಲೇ ನಿಂತಿದ್ದೆ. ಹಾಳೆಗೆ ಚೀಟಿ ಇರಲಿಲ್ಲವೆಂದು ಹೇಳಲಿಲ್ಲ.

ಬಿಸಿ ಪ್ಲಾಸ್ಟಿಕ್ಕಿನ ಹತ್ತಿರ ಇನ್ನು ಹೋಗಕೂಡದೆಂದು ಡಾಕ್ಟರ್ ಹೇಳಿದರು. ಅವರು ಶೆಡ್ಡು ಬಿಟ್ಟು ಊರಿಗೆ ಹೋದರು. ನೋಡಿಬರಬೇಕೆಂದು ಎಷ್ಟೋ ಸಲ ಅಂದುಕೊಂಡೆ, ಹೋಗಲಿಲ್ಲ. ಹೋದ ವರ್ಷ ತೀರಿಕೊಂಡರಂತೆ...

ಇವತ್ತು ಅವರ ಹೆಂಡತಿಗೆ ಫೋನ್ ಮಾಡಿದೆ. ಹಾಳೆಯ ವಿಷಯ ಹೇಳಿಬಿಡೋಣವೆಂದೇ ಮಾಡಿದ್ದು. ನಾನು ಯಾರೆಂದು ತಿಳಿದದ್ದೇ ಆಕೆ, "ಅಯ್ಯ, ಸಾಹೇಬ್ರ! ನಮ್ಮವ್ರು ಕಡೀತನಾ ನಿಮ್ಮ ಹೆಸರ ಹೇಳ್ತಿದ್ರು. ಜೀವಾ ಉಳಿಸಿದ ಪುಣ್ಯಾತ್ಮ ಅಂತ" ಎಂದರು.



"ಹೂಂನಮ್ಮ" ಎಂದೆ. ಅಷ್ಟೇ ಅಂದೆ.