ಮೂಡಲಗಿ ಅಳಿಯನ ಅರ್ಜಿ

ಮೂಡಲಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅನ್ನಪೂರ್ಣಾ ಖಾನಾವಳಿ ಇದೆ. ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ಹೊರಗೆ ಹತ್ತು ಹದಿನೈದು ಜೊತೆ ಚಪ್ಪಲಿ ಬಿದ್ದಿರುತ್ತವೆ. ಒಳಗೆ ಕಪ್ಪು ಮೈಬಣ್ಣದ, ದಪ್ಪ ಮೀಸೆಯ, ಹೆಗಲ ಮೇಲೆ ಒದ್ದೆ ಟಾವೆಲ್ ಹಾಕಿಕೊಂಡ ಅರವತ್ತೊಂದರ ಮನುಷ್ಯನೊಬ್ಬ, "ಬಿಸಿ ರೊಟ್ಟಿ ಬರಾಕತ್ತಾವ, ಗದ್ದಲಾ ಮಾಡಬ್ಯಾಡ್ರಿ" ಎನ್ನುತ್ತ ಓಡಾಡುತ್ತಿರುತ್ತಾನೆ. ಹೆಸರು ಲಕ್ಷ್ಮಣ. ಓಣಿಯವರೆಲ್ಲ ಕರೆಯುವುದು 'ಅಳಿಯಾರು' ಎಂದು. ಹೊಸಬರು ನೋಡಿದರೆ ಅಂಕಲಗಿಯವನೋ ಹುಕ್ಕೇರಿಯವನೋ ಇರಬೇಕು ಅಂದುಕೊಳ್ಳುತ್ತಾರೆ. ಅವನು ಪರದೇಶದವನು ಎಂದು ಹೇಳಿದರೆ ನಗುತ್ತಾರೆ.

ಆದರೆ ಅವನ ಪಾಸ್‌ಪೋರ್ಟಿನಲ್ಲಿ ಹೆಸರು ಲುಚ್ಮುನ್, ದೇಶ ಮಾರಿಷಸ್. ಅವನ ಮುತ್ತಜ್ಜನ ಅಪ್ಪ ಕೊಂಕಣದ ಕಡೆಯಿಂದ ಹಡಗು ಹತ್ತಿ, ಕಬ್ಬು ಕಡಿಯಲು ಆ ನಡುಗಡ್ಡೆಗೆ ಹೋದವನು. ಆ ಮನೆತನದಲ್ಲಿ ಹುಟ್ಟಿದ ಲಕ್ಷ್ಮಣರೆಲ್ಲ ಕಾಗದದ ಮೇಲೆ ಲುಚ್ಮುನ್‌ಗಳೇ. ಈ ಲುಚ್ಮುನ್ ಸಕ್ಕರೆ ಪಾಕ ಕುದಿಸುವುದರಲ್ಲಿ ಪಳಗಿದವನೆಂದು ಇಪ್ಪತ್ತೆರಡು ವರ್ಷಗಳ ಹಿಂದೆ ಮೂಡಲಗಿ ಹತ್ತಿರದ ಒಂದು ಕಾರ್ಖಾನೆಯವರು ಒಂದೇ ಹಂಗಾಮಿಗೆ ಕರೆಸಿಕೊಂಡಿದ್ದರು. ಎರಡು ಹೊತ್ತೂ ಊಟ ಈ ಖಾನಾವಳಿಯಲ್ಲಿ. ಖಾನಾವಳಿ ನಡೆಸುತ್ತಿದ್ದ ಅನ್ನಪೂರ್ಣಾ, ತಂದೆ ಸತ್ತ ಮೇಲೆ ಒಲೆಯ ಮುಂದೆ ಕೂತು ಕೂತು ಮದುವೆಯನ್ನೇ ಮರೆತ ಹೆಂಗಸು. ಕಬ್ಬು ಮುಗಿಯಿತು, ಹಂಗಾಮು ಮುಗಿಯಿತು, ಇವನ ಊಟ ಮಾತ್ರ ಮುಗಿಯಲಿಲ್ಲ. ಸಕ್ಕರೆ ಕುದಿಸಲು ಬಂದವನು ಬೇಳೆ ಕುದಿಸಲು ನಿಂತುಬಿಟ್ಟ.

ಅಲ್ಲಿಂದ ಮುಂದೆ ಅವನ ಕಾಗದಪತ್ರಗಳೆಲ್ಲ ಅನ್ನಪೂರ್ಣಾಳ ಕೆಲಸ. ಕೆಲವು ವರ್ಷಕ್ಕೊಮ್ಮೆ ಅವನ ವಾಸದ ಪರವಾನಗಿ ಮುಗಿಯುತ್ತಿತ್ತು. ಅವಳು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಗಂಡನನ್ನು ಬಸ್ಸಿಗೆ ಹತ್ತಿಸಿ ಜಿಲ್ಲಾ ಕಚೇರಿಗೆ ಕರೆದೊಯ್ಯುತ್ತಿದ್ದಳು. ಅವಳ ಬೆರಳು ಎಲ್ಲಿ ನಿಲ್ಲುತ್ತದೋ ಅಲ್ಲಿ ಅವನು ಸಹಿ ಹಾಕುತ್ತಿದ್ದ. ಮೂರು ವರ್ಷದ ಹಿಂದೆ ಅನ್ನಪೂರ್ಣಾ ಎಂಟು ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದವರು ಇವನು, ಎಂಬತ್ತರ ಅತ್ತೆ ಕೆಂಚವ್ವ ಇಬ್ಬರೇ.

ಈ ವರ್ಷ ಪರವಾನಗಿ ಮುಗಿಯಲು ಬಂದಾಗ ಲಕ್ಷ್ಮಣ ಒಬ್ಬನೇ ಜಿಲ್ಲಾ ಕಚೇರಿಗೆ ಹೋದ. ಅಲ್ಲಿಯವರು ಸಮಾಧಾನದಿಂದಲೇ ತಿಳಿಸಿ ಹೇಳಿದರು. ಇಷ್ಟು ದಿನ ಹೆಂಡತಿಯ ಜೊತೆ ಬಾಳುವವರೆಂದು ಇಲ್ಲಿದ್ದಿರಿ. ಈಗ ಹೆಂಡತಿ ಇಲ್ಲ. ಖಾಯಂ ಇರಬೇಕೆಂದರೆ, ತೀರಿಹೋದ ಭಾರತೀಯ ಪ್ರಜೆಯ ಬದುಕುಳಿದ ಗಂಡ ಎಂದು ಹೊಸದಾಗಿ ಅರ್ಜಿ ಹಾಕಬೇಕು. ಇಲ್ಲವೆಂದರೆ ನಿಮ್ಮ ದೇಶಕ್ಕೆ ಹೊರಡಬೇಕು.

ಮನೆಗೆ ಬಂದು ಲಕ್ಷ್ಮಣ ಕಟ್ಟೆಯ ಮೇಲೆ ಕೂತ. ಕೆಂಚವ್ವ ಹಳೆಯ ಕಾಲದ ಹೆಣ್ಣುಮಗಳು. ಅಳಿಯನ ಮುಂದೆ ಸೆರಗು ಮುಂದಕ್ಕೆ ಎಳೆದುಕೊಂಡೇ ನಿಲ್ಲುವವಳು, ನೇರ ಮಾತಾಡುವವಳಲ್ಲ. ಮಗಳಿದ್ದಾಗ ಮಗಳ ಮೂಲಕ ಮಾತಾಡುತ್ತಿದ್ದಳು; ಮಗಳು ಹೋದ ಮೇಲೆ ಗೋಡೆಯ ಮೂಲಕ. ಅಂದೂ ಗೋಡೆಗೆ ಹೇಳಿದಳು.

"ಹ್ವಾದ ಕೆಲಸ ಏನಾತಂತ?"

ಲಕ್ಷ್ಮಣನೂ ರೂಢಿಯಂತೆ ಗೋಡೆಗೇ ಎಲ್ಲ ವಿವರಿಸಿದ. ಮಾರಿಷಸ್ಸಿನಿಂದ ತಮ್ಮ ಫೋನ್ ಮಾಡಿ, ಒಂದು ಖೋಲಿ ಖಾಲಿ ಇದೆ, ಬಂದುಬಿಡು ಅಂದದ್ದನ್ನೂ ಹೇಳಿದ. ಕೆಂಚವ್ವ ಎದ್ದು ಬಂದು ಅವನ ಎದುರಿಗೇ ಕೂತಳು.

"ಗ್ವಾಡಿ ಜೋಡಿ ಮಾತಾಡಿ ಸಾಕಾಗೈತ್ರಿ ಅಳಿಯಾರ. ಅದಕ್ಕ ಅರ್ಜಿ ಬರ್ಯಾಕ ಬರೂದಿಲ್ಲ. ನೀವು ಇರಾವ್ರೋ ಹೋಗಾವ್ರೋ, ಅಷ್ಟ ಹೇಳ್ರಿ."

"ಇರಾಂವ್ರಿ ಅತ್ತಿ."

"ಹಂಗಾರ ನಡ್ರಿ. ಕಾಗದಾ ಮಾಡಸೂಣು."

ಮರುದಿನ ಬೆಳಿಗ್ಗೆ ಇಬ್ಬರೂ ಊರಿನ ವಿದ್ಯಾ ಎಂಬ ಹುಡುಗಿಯ ಆನ್‌ಲೈನ್ ಸೆಂಟರಿಗೆ ಹೋದರು. ಪಹಣಿ, ಪಿಂಚಣಿ, ಪರೀಕ್ಷೆಯ ಅರ್ಜಿಗಳನ್ನು ತುಂಬಿ ಕೈ ಪಳಗಿದ ವಿದ್ಯಾಳಿಗೂ ಇಂಥದ್ದು ಮೊದಲನೆಯದು. ಅವಳು ಪರದೆಯ ಮೇಲೆ ಕಣ್ಣಿಟ್ಟು ಒಂದೊಂದೇ ಕೇಳಿದಳು.

"ಕಾಕಾ, ಭಾರತಕ್ಕ ಯಾಕ ಬಂದ್ರಿ ಅಂತ ಕೇಳತೈತಿ."

"ಸಕ್ರಿ ಕುದಸಾಕ."

"ಅದು ಇದ್ರಾಗಿಲ್ಲ. ನೌಕರಿ ಅಂತ ಹಾಕ್ತೇನಿ. ದೇಹದ ಮ್ಯಾಲೆ ಗುರುತು?"

ಲಕ್ಷ್ಮಣ ಬಲಗೈ ತೋಳನ್ನು ಮುಂದೆ ಮಾಡಿದ. ಮೊಣಕೈವರೆಗೆ ರೊಟ್ಟಿ ಹಂಚಿನ ಸುಟ್ಟ ಗಾಯದ ಕಲೆಗಳು ಸಾಲಾಗಿ ಇದ್ದವು. "ಯಾವದ ಬೇಕಾದ್ರೂ ಬರ್ಕೋ" ಅಂದ.

ಕೊನೆಗೆ ದಾಖಲೆಗಳ ಪಟ್ಟಿ ಬಂತು. ಅದನ್ನು ಓದಿ ವಿದ್ಯಾ ತಲೆ ಕೆರೆದುಕೊಂಡಳು. ಲಕ್ಷ್ಮಣ ಪರದೇಶದವನೆಂಬುದಕ್ಕೆ ಪಾಸ್‌ಪೋರ್ಟ್ ಇತ್ತು. ಆದರೆ ಅನ್ನಪೂರ್ಣಾ ಈ ದೇಶದವಳೇ ಎಂಬುದಕ್ಕೆ ಹುಟ್ಟಿದ ದಾಖಲೆಯೋ ಶಾಲೆಯ ದಾಖಲೆಯೋ ಬೇಕಂತೆ.

"ನನ್ನ ಮಗಳು ಈ ದೇಶದಾಕಿ ಅಲ್ಲಂದ್ರ ಮತ್ಯಾರಂತ?" ಎಂದು ಕೆಂಚವ್ವ ಪರದೆಯನ್ನೇ ಕೇಳಿದಳು. "ಇವರು ಹೊರಗಿನಾವ್ರು, ಇವರದು ಎಲ್ಲಾ ಬರೋಬರಿ. ಒಳಗಿನಾಕಿದು ತಕರಾರ."

ಅನ್ನಪೂರ್ಣಾ ಹುಟ್ಟಿದ್ದು ಕೆಂಚವ್ವನ ತವರಾದ ಹುಕ್ಕೇರಿಯಲ್ಲಿ, ನಾಲ್ಕನೆಯ ಇಯತ್ತೆವರೆಗೆ ಕಲಿತದ್ದೂ ಅಲ್ಲೇ. ಹುಕ್ಕೇರಿಗೆ ಹೋಗಬೇಕು ಎಂದ ಕೂಡಲೇ ಕೆಂಚವ್ವನ ಉತ್ಸಾಹ ಯಾಕೋ ಇಳಿಯಿತು. ಮೊಣಕಾಲು ನೋವು ಅಂದಳು. ಆ ಸಾಲಿ ಬಿದ್ದೇ ಹೋಗಿರಬೇಕು ಅಂದಳು. ಅಂದು ಅಮಾವಾಸ್ಯೆ ಅಂತಲೂ ಅಂದಳು; ಅಮಾವಾಸ್ಯೆ ಹೋಗಿ ನಾಲ್ಕು ದಿನವಾಗಿತ್ತು. ಲಕ್ಷ್ಮಣ ಬಿಡಲಿಲ್ಲ.

ಶಾಲೆ ಬಿದ್ದಿರಲಿಲ್ಲ. ಮುಖ್ಯೋಪಾಧ್ಯಾಯ ಯಲ್ಲಪ್ಪ ಮಾಸ್ತರರು ಕಪಾಟಿನಿಂದ ಹಳೆಯ ದಾಖಲಾತಿ ಪುಸ್ತಕ ತೆಗೆದು, ಧೂಳು ಕೊಡವಿ, ಒಂದು ಗಂಟೆ ಬೆರಳಾಡಿಸಿ ಹೆಸರನ್ನು ಹುಡುಕಿಯೇ ಬಿಟ್ಟರು.

"ಸಿಕ್ಕಾಳ ನೋಡ್ರಿ. ಅನ್ನಪೂರ್ಣಾ. ಹುಟ್ಟಿದ್ದು ಸಾವಿರದ ಒಂಬೈನೂರಾ ಅರವತ್ತೆರಡು."

"ಅರವತ್ತಾರು ಇರಬೇಕ್ರಿ ಮಾಸ್ತರ," ಎಂದ ಲಕ್ಷ್ಮಣ. ಮದುವೆ ನೋಂದಣಿಯಿಂದ ಹಿಡಿದು ಆಧಾರ್‌ವರೆಗೆ ಎಲ್ಲದರಲ್ಲೂ ಅರವತ್ತಾರೇ ಇತ್ತು. ಅವನು ಹುಟ್ಟಿದ್ದು ಅರವತ್ತನಾಲ್ಕರಲ್ಲಿ. ಅಂದರೆ ಹೆಂಡತಿ ತನಗಿಂತ ಎರಡು ವರ್ಷ ಚಿಕ್ಕವಳು.

"ಎರಡು ಬರದೈತ್ರಿ. ಅಕ್ಷರದಾಗೂ ಬರದಾರ," ಎಂದು ಮಾಸ್ತರರು ಪುಸ್ತಕ ತಿರುಗಿಸಿ ತೋರಿಸಿದರು.

ಲಕ್ಷ್ಮಣ ಅತ್ತೆಯ ಕಡೆ ನೋಡಿದ. ಕೆಂಚವ್ವ ಕೆಟ್ಟು ನಿಂತಿದ್ದ ಫ್ಯಾನನ್ನು ಬಹಳ ಆಸ್ಥೆಯಿಂದ ನೋಡುತ್ತಿದ್ದಳು.

ಮರಳಿ ಬರುವಾಗ ಬಸ್ಸು ಅರ್ಧ ದಾರಿಗೆ ಬಂದಿತ್ತು. ಕೆಂಚವ್ವ ಕಿಟಕಿಯ ಕಡೆ ಮುಖ ಮಾಡಿಯೇ ಶುರು ಮಾಡಿದಳು.

"ಮದಿವಿ ಮುಂದ ಮೂವತ್ತೇಳು ಅಂತ ಹೇಳಿದ್ವಿ. ಖರೆ ಅಂದ್ರ ನಲವತ್ತೊಂದ ಇತ್ರಿ."

"ಆಕಿಗೂ ಗೊತ್ತಿತ್ತೇನ್ರಿ?"

"ನನಗ ಲೆಕ್ಕಾ ಎಲ್ಲಿ ಬರತೈತ್ರಿ? ಆಕಿನ ಹೇಳಿಕೊಟ್ಟಾಕಿ."

ಲಕ್ಷ್ಮಣನಿಗೆ ಖಾನಾವಳಿಯ ದೊಡ್ಡ ಬೇಳೆ ಪಾತ್ರೆ ನೆನಪಾಯಿತು. ದಿನಾ ಅದನ್ನು ಒಲೆಯಿಂದ ಇಳಿಸುವಾಗ ಅನ್ನಪೂರ್ಣಾ ಪಕ್ಕಕ್ಕೆ ಸರಿದು, "ನೀವು ದೊಡ್ಡಾವ್ರು, ನೀವ ಎತ್ರಿ. ನಾ ಸಣ್ಣಾಕಿ" ಅನ್ನುತ್ತಿದ್ದಳು. ಹತ್ತೊಂಬತ್ತು ವರ್ಷ ಅವನು ದೊಡ್ಡವನಾಗಿ ಎತ್ತಿದ್ದ. ಒಮ್ಮೆಲೇ ನಗು ಬಂತು. ಎಷ್ಟು ಬಂತೆಂದರೆ ಕಂಡಕ್ಟರ್ ಹಿಂದೆ ತಿರುಗಿ ನೋಡಿದ. ಕೆಂಚವ್ವ ಮೊದಲು ಗಾಬರಿಯಾದಳು, ಆಮೇಲೆ ತಾನೂ ಸೆರಗಿನಲ್ಲಿ ನಕ್ಕಳು. ನಗು ಇಳಿದ ಮೇಲೆ ಲಕ್ಷ್ಮಣ ಕಣ್ಣೊರೆಸಿಕೊಂಡ. ಸತ್ತು ಮೂರು ವರ್ಷವಾದ ಹೆಂಡತಿಯ ಬಗ್ಗೆ ಹೊಸದೊಂದು ಸಂಗತಿ ತಿಳಿಯಿತಲ್ಲ ಎಂದು ಅವನಿಗೆ ಒಳಗೊಳಗೇ ಹಿಗ್ಗಾಗಿತ್ತು.

ವಿದ್ಯಾಳಿಗೆ ಮಾತ್ರ ನಗು ಬರಲಿಲ್ಲ. ಮದುವೆಯ ಕಾಗದದ ಅನ್ನಪೂರ್ಣಾ, ಶಾಲೆಯ ಅನ್ನಪೂರ್ಣಾ ಇಬ್ಬರೂ ಒಬ್ಬಳೇ ಎಂದು ತಾಯಿ ಪ್ರಮಾಣಪತ್ರ ಬರೆದುಕೊಡಬೇಕು, ವಯಸ್ಸು ಯಾಕೆ ಬೇರೆ ಎಂದು ಅಧಿಕಾರಿಯ ಮುಂದೆ ಬಾಯಿಬಿಟ್ಟು ಹೇಳಬೇಕು ಅಂದಳು.

"ಸುಳ್ಳು ಹೇಳೇನಿ ಅಂತ ಛಾಪಾ ಕಾಗದದ ಮ್ಯಾಲ ಸಹಿ ಮಾಡ್ಲಿ?" ಎಂದಳು ಕೆಂಚವ್ವ.

"ಹೌದು ಆಯಿ."

"ಹಗಲೊತ್ತಿನ್ಯಾಗ?"

ಆದರೂ ಮಾಡಿದಳು.

ಅರ್ಜಿ ಹೋಗಿ ಒಂದು ತಿಂಗಳಿಗೆ ಸ್ಥಳ ವಿಚಾರಣೆಗೆಂದು ಹವಾಲ್ದಾರ ಮಲ್ಲೇಶ ಬಂದ. ಆಗಷ್ಟೇ ಆ ಕಡೆಗೆ ವರ್ಗವಾಗಿ ಬಂದವನು, ಯಾರ ಪರಿಚಯವೂ ಇಲ್ಲ. ಊಟದ ಹೊತ್ತು, ಖಾನಾವಳಿ ತುಂಬಿತ್ತು. ಬಾಗಿಲ ಬಳಿಯ ಮೇಜಿನಲ್ಲಿ ಪಕ್ಕದ ಮೋಟಾರ್ ರಿಪೇರಿ ಅಂಗಡಿಯ ಮುರಿಗೆಪ್ಪ ಉಣ್ಣುತ್ತಿದ್ದ. ಮುರಿಗೆಪ್ಪ ಗೋಕಾಕ ಫಾಲ್ಸ್ ಎಂಬ ಹತ್ತಿರದ ಊರಿನಲ್ಲಿ ಹುಟ್ಟಿದವನು. ಸುಣ್ಣ ಬಳಿದಂಥ ಬಿಳಿ ಮೈ, ಬೆಕ್ಕಿನ ಕಣ್ಣು, ಕೆಂಚುಗೂದಲು. ಮಲ್ಲೇಶ ಅತ್ತಿತ್ತ ನೋಡಿ, ಅವನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತ.

"ಯುವರ್ ಕಂಟ್ರಿ?" ಎಂದು ಬಿಡಿಸಿ ಬಿಡಿಸಿ ಕೇಳಿದ.

ಬಾಯಿತುಂಬ ರೊಟ್ಟಿ ಇದ್ದ ಮುರಿಗೆಪ್ಪ, "ಗೋಕಾಕ ಫಾಲ್ಸ್" ಅಂದ.

ಮಲ್ಲೇಶ ಬರೆದುಕೊಂಡ. ಬರೆದ ಮೇಲೆ ಅನುಮಾನ ಬಂತು. "ಕನ್ನಡಾ ಬರತೈತೇನು?"

"ನಿಮ್ಮಷ್ಟ ಬರತೈತ್ರಿ. ಯಾಕ್ರಿ ಸಾಹೇಬ್ರ?"

"ಪಾಸ್‌ಪೋರ್ಟ ತಗೀರಿ."

"ಪ್ಯಾಂಟ ಕಿಸೇದಾಗ ನಟ್ ಬಿಚ್ಚೂ ಪಕ್ಕಡ ಐತ್ರಿ, ತಗೀಲೇನು?"

ಅಷ್ಟರಲ್ಲಿ ಲಕ್ಷ್ಮಣ ಓಡಿಬಂದು, "ಪರದೇಶದಾಂವ ನಾನ್ರಿ" ಎಂದು ತನ್ನ ಎದೆ ಮುಟ್ಟಿ ತೋರಿಸಿದ. ಮಲ್ಲೇಶ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಕಾಕಾ, ನೀವು ನಡುವ ಬರಬ್ಯಾಡ್ರಿ, ಸರಕಾರಿ ಕೆಲಸ ನಡದೈತಿ" ಅಂದ. ಪಾಸ್‌ಪೋರ್ಟ್ ತಂದು ಕೊಟ್ಟ ಮೇಲೂ ಫೋಟೋ ನೋಡಿದ, ಮುಖ ನೋಡಿದ, ಮತ್ತೆ ಫೋಟೋ ನೋಡಿದ. ಕೊನೆಗೆ ನೆರೆಯವರ ಹೇಳಿಕೆ ಬೇಕೆಂದಾಗ ಊಟಕ್ಕೆ ಕೂತಿದ್ದವರೆಲ್ಲ ಎಡಗೈ ಎತ್ತಿದರು. ಮುರಿಗೆಪ್ಪ ತಾನೇ ಮೊದಲ ಸಾಕ್ಷಿ ಎಂದು ಹಟ ಹಿಡಿದ.

ಕೊನೆಯ ವಿಚಾರಣೆ ಗೋಕಾಕದಲ್ಲಿ ನಡೆಯಿತು. ಅದಕ್ಕೆಂದು ಬಂದಿದ್ದ ಅಧಿಕಾರಿ ನೇತ್ರಾ ಮೈಸೂರು ಕಡೆಯವರು. ಮೇಜಿನ ಮೇಲೆ ಲಕ್ಷ್ಮಣನ ಕಡತ. ಎದುರಿಗೆ ಕೆಂಚವ್ವ, ಲಕ್ಷ್ಮಣ, ಸಾಕ್ಷಿಯಾಗಿ ಮುರಿಗೆಪ್ಪ. ಅಧಿಕಾರಿ ಮೊದಲು ಪ್ರಮಾಣಪತ್ರವನ್ನೇ ಎತ್ತಿಕೊಂಡರು.

"ಅಜ್ಜಿ, ಮಗಳ ವಯಸ್ಸು ನಾಲ್ಕು ವರ್ಷ ಕಡಿಮೆ ಹೇಳಿದ್ರಂತೆ. ಯಾಕೆ?"

ಕೆಂಚವ್ವ ಸೆರಗನ್ನು ಹಿಂದಕ್ಕೆ ಸರಿಸಿ ನೆಟ್ಟಗೆ ಕೂತಳು. "ನಲವತ್ತೊಂದು ಅಂದ್ರ ಬಂದ ವರಾ ಬಸ್ ಹತ್ತತೈತ್ರಿ. ನನಗೇನ ಗೊತ್ತು, ಈ ಮನಶಾ ನಲವತ್ತೊಂದು ಅಂದ್ರೂ ನಿಲ್ಲತಿದ್ದಾ ಅಂತ. ಗೊತ್ತಿದ್ರ ಖರೆನ ಹೇಳತಿದ್ದೆ."

ಅಧಿಕಾರಿ ತಲೆ ಬಗ್ಗಿಸಿ ಏನೋ ಬರೆದರು. ತುಟಿ ಬಿಗಿಹಿಡಿದಿದ್ದು ಕಾಣುತ್ತಿತ್ತು. "ಇವರ ನಡತೆ ಹೇಗೆ? ಏನಾದ್ರೂ ದುಶ್ಚಟ ಇದ್ಯಾ?"

"ಒಂದ ಐತ್ರಿ," ಎಂದಳು ಕೆಂಚವ್ವ.

ಲಕ್ಷ್ಮಣ ಬೆಚ್ಚಿದ.

"ತಿಂಗಳಿಗೊಮ್ಮೆ ಬ್ಯಾಂಕಿನ ಕೆಲಸ ಐತಿ ಅಂತ ಹೇಳಿ ಈ ಗೋಕಾಕಕ್ಕ ಬರ್ತಾರ. ಬಂದು ಹೋಟೆಲದಾಗ ಮೀನಾ ತಿಂತಾರ. ವಾಸನಿ ಬರಬಾರ್ದಂತ ಯಾಲಕ್ಕಿ ಅಗಕೊಂತ ಮನಿಗೆ ಬರ್ತಾರ. ಇಪ್ಪತ್ತ ವರ್ಷ ಆತು, ನಮಗ ಗೊತ್ತಿಲ್ಲ ಅಂತ ತಿಳಕೊಂಡಾರ."

ಮುರಿಗೆಪ್ಪನಿಗೆ ಕೆಮ್ಮು ಹತ್ತಿತು. ಲಕ್ಷ್ಮಣನ ಕಪ್ಪು ಮುಖವೂ ಕೆಂಪಾಯಿತು.

"ಮೀನು ತಿನ್ನೋದು ಅಪರಾಧ ಅಲ್ಲ ಅಜ್ಜಿ."

"ನಮ್ಮ ಲಿಂಗವಂತರ ಮನ್ಯಾಗ ಅಲ್ಲಂತ ಹೆಂಗ ಹೇಳೂದ್ರಿ? ಅದಕ್ಕ ಅವರು ಮನ್ಯಾಗ ತಿನ್ನಲಿಲ್ಲ, ಇಲ್ಲಿತನಕಾ ಬಸ್ಸಿನ್ಯಾಗ ಬಂದು ತಿಂದ್ರು. ಮನಿ ಮರ್ಯಾದಿ ಕಾಯಾಕ ಹಡದ ಮಗಾನೂ ಅಷ್ಟ ದೂರ ಹೋಗೂದಿಲ್ರಿ."

ಅಧಿಕಾರಿ ಲಕ್ಷ್ಮಣನ ಕಡೆ ತಿರುಗಿದರು. "ನಿಮ್ಮವರೆಲ್ಲ ಅಲ್ಲಿದ್ದಾರೆ. ನೀವು ಇಲ್ಲೇ ಯಾಕೆ ಇರಬೇಕು ಅಂತೀರಿ?"

ಈ ಪ್ರಶ್ನೆಗೆ ವಿದ್ಯಾ ಒಂದು ಪುಟ ಬರೆದು ಬಾಯಿಪಾಠ ಮಾಡಿಸಿದ್ದಳು. ಅದರಲ್ಲಿ 'ಸಾಂಸ್ಕೃತಿಕ' ಎಂಬ ಶಬ್ದ ಎರಡು ಸಲ ಇತ್ತು. ಲಕ್ಷ್ಮಣನಿಗೆ ಆ ಶಬ್ದವೊಂದೇ ನೆನಪಿಗೆ ಬಂತು, ಮುಂದಿನದು ಬರಲಿಲ್ಲ.

"ಆಕಿನ್ನ ಇಲ್ಲೇ ಮಣ್ಣ ಮಾಡೇವ್ರಿ," ಎಂದ. "ಅತ್ತಿಗೆ ಮೊಣಕಾಲ ಬ್ಯಾನಿ ಐತಿ. ಮತ್ತ ಹನ್ನೆರಡಕ್ಕ ಮಂದಿ ಊಟಕ್ಕ ಬರ್ತಾರ್ರಿ."

ಅಧಿಕಾರಿ ಗೋಡೆಯ ಗಡಿಯಾರ ನೋಡಿದರು. ಹತ್ತೂವರೆಯಾಗಿತ್ತು. ಇನ್ನೂ ಎರಡು ಪುಟ ಪ್ರಶ್ನೆಗಳಿದ್ದವು. ಕಡತ ಮುಚ್ಚಿ, "ಹಾಗಾದ್ರೆ ಹೊರಡಿ. ಬಸ್ ತಪ್ಪೀತು" ಅಂದರು.

ಐದು ತಿಂಗಳು ಏನೂ ಸುದ್ದಿ ಇರಲಿಲ್ಲ. ಕೆಂಚವ್ವ ಒಳಗೊಳಗೇ ಹೆದರಿದ್ದಳು. ಮೀನಿನ ವಿಷಯ ಹೇಳಬಾರದಿತ್ತೇನೋ ಎಂದು ಮುರಿಗೆಪ್ಪನನ್ನು ಮೂರು ಸಲ ಕೇಳಿದ್ದಳು. ಒಂದು ಗುರುವಾರ ಬೆಳಿಗ್ಗೆ ವಿದ್ಯಾ ಸೆಂಟರಿನ ಬಾಗಿಲು ತೆರೆದಿಟ್ಟೇ ಖಾನಾವಳಿಗೆ ಬಂದಳು. ಕೈಯಲ್ಲಿ ಮುದ್ರಿಸಿದ ಕಾಗದವಿತ್ತು. ಲುಚ್ಮುನ್ ಎಂಬವರು ಇಲ್ಲಿ ಖಾಯಂ ವಾಸವಾಗಿರಬಹುದು ಎಂದು ಅದರಲ್ಲಿ ಬರೆದಿತ್ತು. ಲಕ್ಷ್ಮಣನ ಕೈ ಹಿಟ್ಟಾಗಿತ್ತು. ಮುಟ್ಟದೆ ಬಗ್ಗಿ ಓದಿದ. ಮತ್ತೊಮ್ಮೆ ಓದಿದ. ಕೆಂಚವ್ವ ಎದ್ದು ಹೋಗಿ ವಿದ್ಯಾಳ ಬಾಯಿಗೆ ಸಕ್ಕರೆ ಹಾಕಿದಳು.

ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಅವನು ಕಟ್ಟೆಯ ಮೇಲೆ ಕೂತು ತಮ್ಮನಿಗೆ ಫೋನ್ ಹಚ್ಚಿದ. "ಕಾಗದಾ ಆತೋ ತಮ್ಮಾ. ಇನ್ನ ನಾ ಇಲ್ಲೇ. ನಿಮ್ಮನ್ನೆಲ್ಲಾ ನೋಡಾಕ ಒಮ್ಮೆ ಬರ್ತೇನಿ" ಎಂದ. ಆ ಕಡೆಯಿಂದ ತಮ್ಮ, ಇದು ಯಾವ ಭಾಷೆ, ನನಗೆ ತಿಳಿಯುವ ಭಾಷೆಯಲ್ಲಿ ಹೇಳು ಎಂದು ತಮ್ಮೂರ ಮಾತಿನಲ್ಲಿ ಬೈದ. ಲಕ್ಷ್ಮಣ ತಡವರಿಸುತ್ತ, ಒಂದೊಂದೇ ಶಬ್ದ ಹುಡುಕುತ್ತ, ಮತ್ತೆ ಮೊದಲಿನಿಂದ ಹೇಳಿದ. 'ಅತ್ತೆ' ಎಂಬುದಕ್ಕೆ ಅಲ್ಲಿ ಏನನ್ನುತ್ತಾರೆಂಬುದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

"ಯಾರ ಫೋನ್ರಿ ಅಳಿಯಾರ?" ಎಂದು ಕೆಂಚವ್ವ ಒಳಗಿನಿಂದ ಕೇಳಿದಳು.

"ತಮ್ಮಂದ್ರಿ. ಸಿಟ್ಟಾಗ್ಯಾನ."

"ಉಪವಾಸ ಇದ್ದಾವ್ರಿಗೆ ಸಿಟ್ಟ ಭಾಳ. ಬಾ ಅಂತ ಹೇಳ್ರಿ, ನಾಕ ದಿನ ಉಂಡ ಹೋಗ್ಲಿ."