ಕೂಡಿಸ್ಯಾರೋ, ಮಲಗಿಸ್ಯಾರೋ

ದೋಣಿ ಇಳಿದು ಎರಡು ಹೆಜ್ಜೆ ಇಟ್ಟಿರಲಿಲ್ಲ, ಮೊಮ್ಮಗಳು ಓಡಿ ಬಂದು ನನ್ನ ಮೊಣಕಾಲಿಗೆ ಜೋತುಬಿದ್ದಳು. ಮೂರೂವರೆ ವರ್ಷದ ಕೂಸು. ಅಲ್ಲಿಯವರೆಗೆ ಫೋನಿನಲ್ಲಿ ನೋಡಿದ್ದಷ್ಟೇ. ಎತ್ತಿಕೊಂಡರೆ ಎಷ್ಟು ಭಾರ, ಎಷ್ಟು ಬೆಚ್ಚಗೆ! ನನ್ನ ಮೂಗುಬೊಟ್ಟು ಹಿಡಿದು ಜಗ್ಗಿ "ಅಜ್ಜಿ" ಅಂದಳು. ಕನ್ನಡದಲ್ಲೇ ಅಂದಳು. ಅವಳ ಅವ್ವ ಕಲಿಸಿಟ್ಟು ಹೋದ ಮಾತು ಅದು. ನಾಲ್ಕನೇ ಕ್ಲಾಸಿಗೆ ಸಾಲೆ ಬಿಟ್ಟವಳು ನಾನು, ಆ ಸಂತೋಷವನ್ನು ಬರೆಯುವಷ್ಟು ಅಕ್ಷರ ನನ್ನ ಹತ್ತಿರ ಇಲ್ಲ. ಅತ್ತೆ. ನಕ್ಕೆ. ಎರಡೂ ಒಟ್ಟಿಗೇ ಬಂದವು.

ನನ್ನ ಹಿಂದೆ ನಮ್ಮ ಮನೆಯವರು ಒಂದು ಚೀಲವನ್ನು ಎದೆಗೆ ಅವಚಿಕೊಂಡು ಇಳಿಯುತ್ತಿದ್ದರು. ಅದರಲ್ಲಿ ದಢೇಸುಗೂರಿನ ನಮ್ಮ ಹೊಲದ ಎರೆಮಣ್ಣು ಇತ್ತು.

ಅದು ಅಂಡಮಾನಿನ ಒಂದು ಸಣ್ಣ ದ್ವೀಪ. ನನ್ನ ಮಗಳು ಲಿಂಗಸುಗೂರಿನಲ್ಲಿ ನರ್ಸಿಂಗ್ ಓದಿ, ಅಲ್ಲಿಯ ದವಾಖಾನೆಗೆ ನೌಕರಿಗೆ ಹೋದಳು. ಅಲ್ಲಿಯ ಬಂಗಾಳಿ ಹುಡುಗನನ್ನು ಮೆಚ್ಚಿದಳು. ಇವರು ಒಂದು ವಾರ ಮಾತು ಬಿಟ್ಟರು, ಆಮೇಲೆ ತಾವೇ ನಮ್ಮ ಅಂಗಳದಲ್ಲಿ ಹಂದರ ಹಾಕಿಸಿ ಮದುವೆ ಮಾಡಿದರು. ಕೂಸು ಹುಟ್ಟಿದಾಗ ಹೋಗಬೇಕೆಂದೆವು. ನಾಟಿ ಬಂತು, ಕೊಯ್ಲು ಬಂತು, ಇವರ ಮೊಣಕಾಲು ನೋವು ಬಂತು. ಹೋಗಲಿಲ್ಲ. ಹೋದ ವರ್ಷ ಮಳೆಗಾಲದಲ್ಲಿ ಮಗಳಿಗೆ ಜ್ವರ ಬಂತು. ನಾಲ್ಕನೇ ದಿನ ತೀರಿಕೊಂಡಳು.

ಸಮುದ್ರ ಎದ್ದಿತ್ತು, ದೋಣಿ ನಿಂತಿದ್ದವು. ನಾವು ಹೋಗುವ ಹಾಗಿರಲಿಲ್ಲ, ಅವಳನ್ನು ತರುವ ಹಾಗೂ ಇರಲಿಲ್ಲ. ಅಳಿಯ ಫೋನು ಮಾಡಿ ನಿಮ್ಮ ಪದ್ಧತಿ ಹೇಗೆ ಎಂದು ಹಿಂದಿಯಲ್ಲಿ ಕೇಳಿದ. ಅವರಲ್ಲಿ ಸುಡುತ್ತಾರೆ. ಇವರು "ಸುಡಬ್ಯಾಡ್ರಿ, ಮಣ್ಣು ಮಾಡ್ರಿ" ಅಂದರು. ಅಷ್ಟರಲ್ಲಿ ಲೈನು ಹೋಯಿತು. ಮೂರು ದಿನ ಹತ್ತಲೇ ಇಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಪೂಜೆಗೆ ಕೂತಂತೆ ಕೂಡಿಸಿ, ಕೈಯಲ್ಲಿ ಲಿಂಗ ಇಟ್ಟು, ವಿಭೂತಿ ಹಚ್ಚಿ, ಬಂಧುಬಳಗದವರು ಒಂದೊಂದು ಹಿಡಿ ಮಣ್ಣು ಕೊಡುತ್ತಾರೆ. ಅದನ್ನು ಹೇಳುವ ಮೊದಲೇ ಲೈನು ಹೋಗಿತ್ತು. ಆಮೇಲೆ ಕೇಳುವ ಧೈರ್ಯ ಇವರಿಗೆ ಬರಲಿಲ್ಲ. ಒಂದು ವರ್ಷ ಊಟದ ನಡುವೆ ಕೈ ನಿಲ್ಲಿಸಿ ನನ್ನನ್ನು ನೋಡುತ್ತಿದ್ದರು. "ಕೂಡಿಸ್ಯಾರೋ, ಮಲಗಿಸ್ಯಾರೋ?" ನನಗೇನು ಗೊತ್ತು.

ಹೊರಡುವ ಹಿಂದಿನ ದಿನ ಚೀಲಕ್ಕೆ ಮಣ್ಣು ತುಂಬುತ್ತಾ ಹೇಳಿದರು:

"ಅಲ್ಲಿ ನೀನ ಕೇಳು. ಬೀಗತಿ ಜೋಡಿ ಮಾತಾಡಿ ತಿಳ್ಕೊ. ಕೂಡಿಸಿದ್ರ ಸರಿ. ಮಲಗಿಸಿದ್ರ ಕೂಸಿನ್ನ ಅಲ್ಲಿ ಬಿಡಂಗಿಲ್ಲ, ಕರ್ಕೊಂಡ ಬರೂದು. ನಮ್ಮ ಮಗಳನ್ನ ಹ್ಯಾಂಗ ಕಳಿಸ್ಬೇಕು ಅನ್ನೋದು ತಿಳೀದವ್ರು, ಆಕಿ ಕೂಸಿನ್ನ ಹ್ಯಾಂಗ ಬೆಳಸ್ತಾರ?"

ಅಳಿಯ ಮೊದಲೇ ಹೇಳಿದ್ದ, ನೀವು ಬೆಳೆಸುತ್ತೇವೆ ಅಂದರೆ ನಾನು ಅಡ್ಡ ಬರುವುದಿಲ್ಲ ಎಂದು. ನಾನು ತಲೆ ಅಲ್ಲಾಡಿಸಿದೆ. ಒಳಗೆ ಏನು ಅಂದುಕೊಂಡೆ ಎಂಬುದನ್ನು ಇವತ್ತು ಬರೆಯುತ್ತೇನೆ. ಮಲಗಿಸಿರಲಿ ಅಂದುಕೊಂಡೆ. ಹೆತ್ತವಳು ಹಾಗೆ ಅಂದುಕೊಂಡೆ. ಕೂಸು ಬೇಕಾಗಿತ್ತು ನನಗೆ.

ಸಿಂಧನೂರಿನಿಂದ ಹೈದರಾಬಾದಿಗೆ ಬಸ್ಸು, ಅಲ್ಲಿಂದ ವಿಮಾನ, ಆಮೇಲೆ ಎರಡು ದೋಣಿ. ವಿಮಾನದ ಹತ್ತಿರ ಒಬ್ಬ ಪೊಲೀಸಪ್ಪ ಚೀಲ ಬಿಚ್ಚಿಸಿ, ಮಣ್ಣು ಮುಟ್ಟಿ, ಇದೇನು ಅಂದ. ಇವರು "ಬೇಟಿ ಕೇ ವಾಸ್ತೇ" ಅಂದರು. ಅವನು ಇವರ ಮುಖ ನೋಡಿ ಸುಮ್ಮನೆ ಚೀಲದ ಬಾಯಿ ಕಟ್ಟಿಕೊಟ್ಟ. ದೋಣಿಯಲ್ಲಿ ನನಗೆ ವಾಂತಿ ಹಿಡಿಯಿತು. ನಮ್ಮ ಕಾಲುವೆಯ ನೀರಿನ ಬಣ್ಣ ನೋಡಿದ ಕಣ್ಣಿಗೆ ಆ ನೀಲಿ, ಆ ಹಸಿರು ನೀರು ಸುಳ್ಳಿನ ಹಾಗೆ ಕಂಡಿತು. ಇವರು ಅಂಥದ್ದರಲ್ಲೂ ಬಿಡಲಿಲ್ಲ.

"ಇಷ್ಟು ನೀರೈತಿ, ಒಂದು ಮಡಿ ಭತ್ತಕ್ಕೂ ಬರಂಗಿಲ್ಲ ನೋಡು!"

"ಸುಮ್ನಿರ್ರಿ, ನನ್ನ ಹೊಟ್ಟಿ ಬಾಯಿಗೆ ಬಂದೈತಿ, ನಿಮಗ ಭತ್ತದ ಚಿಂತಿ."

ಅಳಿಯನ ಮನೆ ತೆಂಗಿನ ಮರಗಳ ಕೆಳಗೆ ಇತ್ತು, ಸುತ್ತ ಬದನೆ, ಸೋರೆಯ ತೋಟ. ಊರೆಲ್ಲ ಮೀನಿನ ವಾಸನೆ. ಆದರೆ ಬೀಗತಿ ನಮಗೆ ಅನ್ನ ಬಡಿಸಿದ್ದು ಬೇರೆ ಪಾತ್ರೆಯಿಂದ. ಮಗಳು ತಂದುಕೊಂಡ ಪಾತ್ರೆಯಂತೆ. ಅವಳು ಹೋದ ಮೇಲೂ ಅದರಲ್ಲಿ ಮೀನು ಬೇಯಿಸಿರಲಿಲ್ಲ, ದಿನಾ ತೊಳೆದು ಹಲಗೆಯ ಮೇಲೆ ಬೋರಲು ಇಡುತ್ತಿದ್ದರು.

ಊಟವಾದ ಮೇಲೆ ಕೂಸು ನನ್ನ ಬೆರಳು ಹಿಡಿದು ಹಿತ್ತಿಲಿಗೆ ಕರೆದೊಯ್ದಳು. ಇವರು ಪಡಸಾಲೆಯಲ್ಲೇ ಹಿತ್ತಿಲ ಬಾಗಿಲಿಗೆ ಮುಖ ಮಾಡಿ ಕೂತರು. ಹಿತ್ತಿಲಲ್ಲಿ ನನ್ನ ಎದೆಮಟ್ಟದ ಒಂದು ದಿಬ್ಬ. ಸುತ್ತ ಬಿಳಿ ಕಲ್ಲು ಕಟ್ಟಿದ್ದರು, ಮೇಲೆ ಸಾರಿಸಿದ್ದರು. ಕೂಸು ಅದಕ್ಕೆ ಕೆನ್ನೆ ಒತ್ತಿ, "ಮಾ ಬೋಶೇ ಆಛೆ" ಅಂದಳು.

ಸಿಂಧನೂರಿನ ಬಂಗಾಳಿ ಕ್ಯಾಂಪಿನ ಹೆಂಗಸರ ಜೊತೆ ಇಪ್ಪತ್ತು ವರ್ಷ ಭತ್ತ ನಾಟಿ ಮಾಡಿದ್ದೇನೆ. ಮಧ್ಯಾಹ್ನ ಬದುವಿನ ಮೇಲೆ ಬುತ್ತಿ ಬಿಚ್ಚಿ "ಬೋಶೋ ದಿದಿ, ಬೋಶೋ" ಎಂದು ನನ್ನ ಸೆರಗು ಜಗ್ಗಿ ಕೂಡಿಸುತ್ತಿದ್ದರು. ಅವ್ವ ಕೂತಾಳ. ಕೂಸು ಹೇಳಿದ್ದು ಅದನ್ನೇ.

ಬೀಗತಿ ಹಿಂದೆಯೇ ಬಂದಿದ್ದರು. ಅರ್ಧ ಬಂಗಾಳಿ, ಅರ್ಧ ಹಿಂದಿ, ಉಳಿದದ್ದು ಕೈಸನ್ನೆಯಲ್ಲಿ ತಿಳಿಸಿದರು. ಮೊಣಕಾಲುದ್ದ ಅಗೆದರೆ ನೀರು ಬಂತಂತೆ. ಮಲಗಿಸಿಬಿಡು ಎಂದು ಎಲ್ಲರೂ ಹೇಳಿದರಂತೆ. ಅಳಿಯ ಕೇಳಲಿಲ್ಲ. ಮಗಳು ಸಣ್ಣವಳಿದ್ದಾಗ ಮಸ್ಕಿಯಲ್ಲಿ ನನ್ನ ಅಪ್ಪನಿಗೆ ಮಣ್ಣು ಕೊಟ್ಟದ್ದನ್ನು ನೋಡಿದ್ದಳು, ಅದನ್ನು ಗಂಡನಿಗೆ ಹೇಳಿದ್ದಳು. ಅವನು ಅದನ್ನು ನೆನಪಿಟ್ಟಿದ್ದ. ಗುಂಡಿ ಬಿಟ್ಟು ನೆಲದ ಮೇಲೆಯೇ ಅವಳನ್ನು ಕೂಡಿಸಿ, ಕೊರಳಿನ ಲಿಂಗ ಬಿಚ್ಚಿ ಕೈಗಿಟ್ಟು, ಸುತ್ತ ಕಲ್ಲು ಕಟ್ಟಿ, ತೋಟದ ಮಣ್ಣನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಸುರಿದ. ಸುರಿಯುವ ಮಳೆಯಲ್ಲಿ ಒಂದು ಹಗಲೆಲ್ಲ. ಆ ವರ್ಷ ತೋಟದಲ್ಲಿ ಏನೂ ಬೆಳೆಯಲಿಲ್ಲವಂತೆ.

ನಾನು ದಿಬ್ಬಕ್ಕೆ ತಲೆ ಕೊಟ್ಟು ಅತ್ತೆ. ಮಗಳಿಗಾಗಿ ಅತ್ತೆ. ಕೂಸು ಕೈ ಬಿಟ್ಟು ಹೋಯಿತಲ್ಲ ಎಂದೂ ಅತ್ತೆ.

ಸಂಜೆ ಇವರು ಮೆಲ್ಲಗೆ ಕೇಳಿದರು.

"ಕೇಳಿದ್ಯಾ?"

"ಇನ್ನಾ ಇಲ್ರಿ. ಬಂದ ದಿನಾನ ಹ್ಯಾಂಗ ಕೇಳ್ಲಿ?"

ಮರುದಿನ ಮತ್ತೆ ಕೇಳಿದರು. ಬೀಗತಿ ಮೀನು ತೊಳೆಯಲು ಹೋಗಿದ್ದರು ಅಂದೆ. "ಎರಡು ದಿನ ಮೀನ ತೊಳೀತಾಳೇನು ಆಕಿ?" ಅಂದರು. ಅಷ್ಟೇ, ಹೆಚ್ಚು ಕೆದಕಲಿಲ್ಲ.

ಆ ಎರಡು ದಿನ ನಾನು ಕದ್ದುಕೊಂಡದ್ದು. ಕೂಸಿಗೆ ಎಣ್ಣೆ ತೀಡಿ ಎರೆದೆ. ಊರಿಂದ ತಂದ ಸಜ್ಜೆ ರೊಟ್ಟಿ ಮುರಿದು ಬೆಲ್ಲ ಹಚ್ಚಿ ಕೊಟ್ಟರೆ ಕಟುಮ್ ಕಟುಮ್ ಎಂದು ತಿಂದು, ಇನ್ನೂ ಬೇಕೆಂದು ಬಾಯಿ ತೆರೆದಳು. ಒಂದು, ಎರಡು, ಮೂರು ಕಲಿಸಿದೆ. ಮೂರು ಆದ ಕೂಡಲೇ ಹತ್ತು ಅನ್ನುತ್ತಿದ್ದಳು. ತಾತನ ಮೀಸೆ ಹಿಡಿದು ನೇತಾಡಿದಳು. ಇವರು "ಬಿಡಲೇ ರಾಕ್ಷಸಿ!" ಎಂದು ಕೂಗುತ್ತಾ ಮೀಸೆಯನ್ನು ಇನ್ನೂ ಮುಂದಕ್ಕೆ ಚಾಚುತ್ತಿದ್ದರು. ಇವಳನ್ನು ಯಾವ ಸಾಲೆಗೆ ಹಾಕಬೇಕು, ಎಲ್ಲಿ ಮಲಗಿಸಬೇಕು ಎಂದು ನಾನು ಮನಸ್ಸಿನಲ್ಲೇ ಮನೆ ಸಜ್ಜು ಮಾಡುತ್ತಿದ್ದೆ.

ಮೂರನೆಯ ಬೆಳಿಗ್ಗೆ ಅಡಿಗೆಮನೆಗೆ ಹೋದರೆ ಬೀಗತಿ ನೆಲದಲ್ಲಿ ಕೂತು ಕೂಸಿನ ಅಂಗಿಗಳನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದರು. ನಾವು ಕೇಳಿರಲಿಲ್ಲ, ತಾವೇ ಶುರು ಮಾಡಿದ್ದರು. ಕೊನೆಗೆ ಎದ್ದು ಹಲಗೆಯ ಮೇಲಿನ ಆ ಪಾತ್ರೆ ತಂದು, ಸೆರಗಿನಿಂದ ಒರೆಸಿ, ಅಂಗಿಗಳ ಮೇಲೆ ಇಟ್ಟರು. ನನ್ನ ಮುಖ ನೋಡಲಿಲ್ಲ.

ನಾನು ಆ ಪಾತ್ರೆ ತೆಗೆದು ಹಲಗೆಯ ಮೇಲೆ ಬೋರಲು ಇಟ್ಟೆ. ಹೊರಗೆ ಬಂದು ಇವರಿಗೆ ಹೇಳಿದೆ.

"ಕೂಡಿಸ್ಯಾರ್ರೀ. ಲಿಂಗ ಕೈಯಾಗ ಕೊಟ್ಟು ಕೂಡಿಸ್ಯಾರ."

ಇವರು ತೆಂಗಿನ ಗರಿಗಳನ್ನು ನೋಡುತ್ತಾ "ಹಂಗಾರ ಆತು" ಅಂದರು.

ಆಮೇಲೆ ಚೀಲ ತಂದು, ದಿಬ್ಬದ ಮುಂದೆ ಚಪ್ಪಲಿ ಬಿಟ್ಟು, ವಿಭೂತಿ ಹಚ್ಚಿ, ಒಂದು ಹಿಡಿ ಎರೆಮಣ್ಣು ಕೊಟ್ಟರು. ನಾನೂ ಕೊಟ್ಟೆ. ಅಳಿಯ ಕೊಟ್ಟ, ಬೀಗತಿ ಕೊಟ್ಟರು. ಆ ಬಿಳಿ ಉಸುಕಿನ ಊರಿನಲ್ಲಿ ನಮ್ಮ ಮಣ್ಣು ಎಷ್ಟು ಕಪ್ಪಗಿತ್ತು! ಕೂಸು ಒಂದು ಹೆಂಟೆ ಆರಿಸಿಕೊಂಡು ತಟ್ಟನೆ ಬಾಯಿಗೆ ಹಾಕಿಕೊಂಡಳು. ಅವಳ ಅವ್ವನೂ ಹಾಗೇ, ಈ ವಯಸ್ಸಿನಲ್ಲಿ ಹೊಲದ ಬದುವಿನ ಮೇಲೆ ಕೂತು ಮಣ್ಣು ತಿನ್ನುತ್ತಿದ್ದಳು.

"ಥೂ, ಉಗುಳ ಬೇ!" ಎಂದು ಬಾಯಿಗೆ ಬೆರಳು ಹಾಕಿ ತೆಗೆದೆ. ನಕ್ಕಳು. ಹಲ್ಲೆಲ್ಲ ಕಪ್ಪಗಾಗಿದ್ದವು.

ನಾವು ಹೊರಟ ದಿನ ದೋಣಿಯ ಹತ್ತಿರ ಕೂಸು ಬೀಗತಿಯ ಸೊಂಟದ ಮೇಲಿಂದ ಕೈ ಬೀಸಿದಳು. ಒಂದು, ಎರಡು, ಮೂರು, ಹತ್ತು ಎಂದು ಕೂಗಿದಳು. ದಂಡೆ ಸಣ್ಣದಾಗುತ್ತಾ ಬಂತು. ಆಗ ಇವರು ನೀರು ನೋಡುತ್ತಲೇ ಕೇಳಿದರು:

"ಮೊದಲ್ನೇ ದಿನಾನ ತಿಳಿದಿತ್ತಲ್ಲ ನಿನಗ?"

ಸುಳ್ಳು ಹೇಳಲು ಆಗಲಿಲ್ಲ. "ಹೂಂ ರೀ" ಅಂದೆ.

"ನನಗೂ ತಿಳಿದಿತ್ತು. ಪಡಸಾಲ್ಯಾಗಿಂದ ದಿಬ್ಬದ ಎತ್ತರ ಕಾಣತಿತ್ತು. ಮಲಗಿಸಿದವ್ರಿಗೆ ಅಷ್ಟೆತ್ತರ ಯಾಕ ಬೇಕು?"

"ಮತ್ಯಾಕ ಕೇಳತಿದ್ರಿ ನನ್ನ?"

ಇವರು ಮೀಸೆ ಮುಟ್ಟಿಕೊಂಡರು, ಕೂಸು ಜಗ್ಗಿದ ಕಡೆ. ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡು ಕೂತರು.